ದೊಡ್ಡ ನ್ಯಾಯಕ್ಕೊಂದು ಸಣ್ಣ ತಪ್ಪು

ಮೂರ್ಖರ ರಾಜ್ಯದ ಕಥೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಎ. ಕೆ. ರಾಮಾನುಜನ್ ಅವರು ಭಾರತದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿದಾಗ ಅದನ್ನು ಕನ್ನಡದ ಕಥೆಯೆಂದೇ ಸೇರಿಸಿದರು. ಕಳ್ಳನೊಬ್ಬ ಕನ್ನ ಕೊರೆಯುವಾಗ ಗೋಡೆ ಕುಸಿದು ಸಾಯುತ್ತಾನೆ. ಅವನ ಒಡಹುಟ್ಟಿದವನು ರಾಜನ ಬಳಿ ನ್ಯಾಯ ಕೇಳುತ್ತಾನೆ. ಮನೆಯ ಯಜಮಾನನನ್ನು ಹಿಡಿದು ತಂದರೆ ಅವನು ತಪ್ಪು ಗೋಡೆ ಕಟ್ಟಿದವನದು ಎನ್ನುತ್ತಾನೆ. ಗೋಡೆ ಕಟ್ಟಿದವನು, ಆ ಹೊತ್ತಿನಲ್ಲಿ ಬೀದಿಯಲ್ಲಿ ಹಾದುಹೋಗಿ ತನ್ನ ಗಮನ ಕೆಡಿಸಿದ ನರ್ತಕಿಯತ್ತ ಬೆರಳು ಮಾಡುತ್ತಾನೆ. ಅವಳು ತನ್ನನ್ನು ಮತ್ತೆ ಮತ್ತೆ ಅಲೆದಾಡಿಸಿದ ಅಕ್ಕಸಾಲಿಗನ ಹೆಸರು ಹೇಳುತ್ತಾಳೆ. ಅಕ್ಕಸಾಲಿಗ, ತನ್ನ ಕೆಲಸವೇ ಮೊದಲಾಗಬೇಕೆಂದು ಹಟ ಹಿಡಿದ ಸಾಹುಕಾರನ ಹೆಸರು ಹೇಳುತ್ತಾನೆ. ಆ ಸಾಹುಕಾರ ತೀರಿಕೊಂಡಿರುವುದರಿಂದ ಆಸ್ತಿಯ ಜೊತೆಗೆ ಅವನ ತಪ್ಪನ್ನೂ ಪಡೆದ ಮಗನಿಗೆ ಶೂಲದ ಶಿಕ್ಷೆಯಾಗುತ್ತದೆ.

ಮಕ್ಕಳು ಈ ಕಥೆ ಕೇಳಿ ನಗುತ್ತಾರೆ. ದೊಡ್ಡವರಾದ ಮೇಲೆ, ಕಾರ್ಖಾನೆಯ ಅಪಘಾತಗಳ ಬಗ್ಗೆ ನಮ್ಮ ನ್ಯಾಯಾಲಯಗಳು ಬರೆದ ತೀರ್ಪುಗಳನ್ನು ಓದಲು ಕುಳಿತಾಗ ಅಷ್ಟು ಸಲೀಸಾಗಿ ನಗು ಬರುವುದಿಲ್ಲ. ಒಂದು ಸಾವಿನ ಹಿಂದಿನ ಕಾರಣಗಳ ಸರಪಳಿಯನ್ನು ಎಲ್ಲಿ ತುಂಡರಿಸಬೇಕು, ಯಾವ ಕೊಂಡಿಯ ಮೇಲೆ ಕೈ ಇಟ್ಟು ‘ಹೊಣೆ ನಿನ್ನದು’ ಎನ್ನಬೇಕು ಎಂಬುದು ಮೂರ್ಖ ರಾಜನೊಬ್ಬನ ತೊಡಕಲ್ಲ. ನೂರೈವತ್ತು ವರ್ಷಗಳಿಗೂ ಮೀರಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಭಾರತದಲ್ಲೂ ಬಲು ಬುದ್ಧಿವಂತರಾದ ನ್ಯಾಯಮೂರ್ತಿಗಳು ಇದೇ ಪ್ರಶ್ನೆಯ ಸುತ್ತ ತಿರುಗಿದ್ದಾರೆ. ಅವರು ಬರೆದದ್ದೂ ಗದ್ಯವೇ. ಕಾವ್ಯ, ಕಾದಂಬರಿಗಳನ್ನು ಸಾಲುಸಾಲಾಗಿ ಬಿಡಿಸಿ ನೋಡುವ ನಮ್ಮ ವಿಮರ್ಶೆ ಈ ಗದ್ಯವನ್ನು ವಕೀಲರಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡಿದೆ. ಒಂದು ಕವಿತೆ ಕೆಟ್ಟದಾದರೆ ಯಾರೂ ಸಾಯುವುದಿಲ್ಲ. ತೀರ್ಪಿನ ಮಾತು ಹಾಗಲ್ಲ. ಆದ್ದರಿಂದ ಇವುಗಳಲ್ಲಿ ಕೆಲವನ್ನು ವಿಮರ್ಶೆಯ ಕಣ್ಣಿನಿಂದ ಓದಿ ನೋಡುವುದು ಅಧಿಕಪ್ರಸಂಗವಾಗಲಾರದೆಂದು ಭಾವಿಸುತ್ತೇನೆ.

ಮೊದಲು ಶಬ್ದಗಳಿಂದಲೇ ಹೊರಡೋಣ. ‘ಆಕಸ್ಮಿಕ’ ಎಂಬ ಮಾತು ‘ಅಕಸ್ಮಾತ್’ ಎಂಬುದರಿಂದ ಬಂದದ್ದು. ‘ಕಸ್ಮಾತ್’ ಎಂದರೆ ‘ಯಾವುದರಿಂದ, ಯಾಕೆ’ ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಲಾಗದ್ದು ಆಕಸ್ಮಿಕ. ಅಂದರೆ ಕಾರ್ಖಾನೆಯ ಸಾವನ್ನು ಆಕಸ್ಮಿಕ ಎಂದು ಕರೆದ ಕ್ಷಣದಲ್ಲೇ ‘ಯಾಕಾಯಿತು’ ಎಂಬ ಪ್ರಶ್ನೆಯನ್ನು ಬಾಗಿಲಾಚೆ ನಿಲ್ಲಿಸಿದಂತಾಯಿತು. ‘ಅಪಘಾತ’ದಲ್ಲಾದರೂ ಒಂದು ‘ಘಾತ’ವಿದೆ, ಹೊಡೆತ ಇದ್ದ ಮೇಲೆ ಹೊಡೆದವನು ಯಾರೆಂದು ಕೇಳಲು ಸಾಧ್ಯ. ‘ದುರಂತ’ ಎಂದಾಗ ಕೊನೆ ಮಾತ್ರ ಕಾಣುತ್ತದೆ, ಮೊದಲು ಕಾಣುವುದಿಲ್ಲ. ಭೋಪಾಲದ ಬಗ್ಗೆ ನಮ್ಮ ಪತ್ರಿಕೆಗಳು ನಾಲ್ಕು ದಶಕಗಳಿಂದ ಬಳಸುತ್ತ ಬಂದಿರುವ ಶಬ್ದ ‘ದುರಂತ’ವೇ. ಹಣೆಬರಹ, ಗ್ರಹಚಾರ ಎಂಬ ಮಾತುಗಳ ಪಕ್ಕದಲ್ಲಿ ಅದು ತೆಪ್ಪಗೆ ಹೋಗಿ ಕುಳಿತುಕೊಳ್ಳುತ್ತದೆ.

ಕಾರ್ಮಿಕನ ಗಾಯದ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಕಾನೂನು ಹೇಳಿದ್ದು ಹೆಚ್ಚುಕಡಿಮೆ ಹಣೆಬರಹದ ಮಾತನ್ನೇ. ಇಂಗ್ಲೆಂಡಿನ ಮಾಂಸದ ವ್ಯಾಪಾರಿಯೊಬ್ಬನ ಆಳು, ಹೊರೆ ಹೆಚ್ಚಾದ ಗಾಡಿ ಮುರಿದುಬಿದ್ದು ತೊಡೆ ಮುರಿದುಕೊಂಡ. ಪ್ರೀಸ್ಟ್ಲಿ ಮತ್ತು ಫೌಲರ್ ನಡುವಿನ ಆ ಮೊಕದ್ದಮೆಯಲ್ಲಿ 1837ರಲ್ಲಿ ಲಾರ್ಡ್ ಅಬಿಂಗರ್ ಮಾಲೀಕನನ್ನು ಹೊಣೆಯಿಂದ ಬಿಡಿಸಿದರು. ಜೊತೆಗೆಲಸಗಾರನ ತಪ್ಪಿನಿಂದ ಆದ ಗಾಯಕ್ಕೆ ಒಡೆಯ ಹೊಣೆಯಲ್ಲ ಎಂಬ ಸೂತ್ರ ಬೆಳೆದದ್ದು ಈ ತೀರ್ಪಿನ ಬೆನ್ನಿಗೆ. 1842ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ರೈಲ್ವೆ ಕೆಲಸಗಾರನೊಬ್ಬನ ಮೊಕದ್ದಮೆಯಲ್ಲಿ ಇದಕ್ಕೊಂದು ಅರ್ಥಶಾಸ್ತ್ರವನ್ನೂ ಒದಗಿಸಿದರು. ಅಪಾಯದ ಕೆಲಸಕ್ಕೆ ಕೂಲಿ ಹೆಚ್ಚು. ಆ ಹೆಚ್ಚಿನ ಕೂಲಿಯಲ್ಲೇ ಅಪಾಯದ ಬೆಲೆ ಸೇರಿದೆ. ಆದ್ದರಿಂದ ಕೈಕಾಲು ಹೋದರೆ ಮತ್ತೆ ಕೇಳುವಂತಿಲ್ಲ. ಕೂಲಿ ಹಿಡಿದವನು ತನ್ನ ಗಾಯವನ್ನೂ ಮುಂಗಡವಾಗಿ ಮಾರಿಕೊಂಡಿದ್ದಾನೆ ಎಂದು ಹೇಳುವ ವಿಧಾನವಿದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಜ್ವರವೂ ಎತ್ತಿಗೇ, ಬರೆಯೂ ಎತ್ತಿಗೇ.

ಅದೇ ಶತಮಾನದ ಇನ್ನೊಂದು ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಲ್ಯಾಂಕಶೈರಿನಲ್ಲಿ ಗಿರಣಿಯವನೊಬ್ಬ ಕಟ್ಟಿಸಿದ ಕೆರೆಯ ನೀರು ಹಳೆಯ ಸುರಂಗಗಳ ಮೂಲಕ ಇಳಿದು ನೆರೆಯವನ ಗಣಿಗೆ ನುಗ್ಗಿತು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ನಡುವಿನ ಈ ವ್ಯಾಜ್ಯದಲ್ಲಿ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಂದು ದಿಟ್ಟ ಮಾತು ಹೇಳಿತು. ತಪ್ಪಿಸಿಕೊಂಡರೆ ಕೇಡು ಮಾಡುವಂಥದ್ದನ್ನು ತನ್ನ ನೆಲಕ್ಕೆ ತಂದಿಟ್ಟುಕೊಂಡವನು, ಅಜಾಗರೂಕನಾಗಿದ್ದನೋ ಇಲ್ಲವೋ ಎಂಬ ವಿಚಾರಣೆಯಿಲ್ಲದೆಯೇ, ಆದ ನಷ್ಟಕ್ಕೆ ಹೊಣೆ. ಸುಂದರವಾದ ತತ್ವ. ಆದರೆ ಇದರ ಫಲಾನುಭವಿ ಯಾರೆಂಬುದನ್ನು ಗಮನಿಸದೆ ಮುಂದೆ ಹೋಗಲಾಗದು: ಅವನು ಇನ್ನೊಬ್ಬ ಗಣಿಯ ಒಡೆಯ. ನೀರು ಆಸ್ತಿವಂತನ ಗಣಿಗೆ ನುಗ್ಗಿದರೆ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಗಾಡಿ ಆಳಿನ ತೊಡೆಯ ಮೇಲೆ ಬಿದ್ದರೆ ತಪ್ಪನ್ನು ಸಾಬೀತುಪಡಿಸಿದರೂ ಸಾಲದು. ಒಂದೇ ಯುಗ, ಒಂದೇ ನ್ಯಾಯಪರಂಪರೆ. ಸಾಲದೆಂಬಂತೆ ಆ ದಿಟ್ಟ ತತ್ವಕ್ಕೂ ಕಾಲಕ್ರಮದಲ್ಲಿ ಕಿಂಡಿಗಳನ್ನು ಕೊರೆದರು. ದೈವಿಕ ಘಟನೆಯಾದರೆ ಹೊಣೆಯಿಲ್ಲ, ಹೊರಗಿನವನ ಕೃತ್ಯವಾದರೆ ಹೊಣೆಯಿಲ್ಲ, ನಷ್ಟಗೊಂಡವನೇ ಒಪ್ಪಿದ್ದರೆ ಹೊಣೆಯಿಲ್ಲ.

ನಮ್ಮ ದೇಶಕ್ಕೆ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಈಗ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಈ ಕಾಯಿದೆಯ ಹಿರಿಮೆ ದೊಡ್ಡದು. ಕೆಲಸದಿಂದಾಗಿ ಮತ್ತು ಕೆಲಸದ ಅವಧಿಯಲ್ಲಿ ಗಾಯವಾದರೆ ಸಾಕು, ಒಡೆಯನ ತಪ್ಪನ್ನು ತೋರಿಸಬೇಕಾಗಿಲ್ಲ ಎಂದು ಅದು ಹೇಳಿತು. ಇದಕ್ಕೆ ಪ್ರತಿಯಾಗಿ ಕಾರ್ಮಿಕ ಒಂದನ್ನು ಬಿಟ್ಟುಕೊಡಬೇಕಾಯಿತು. ಅವನ ನಷ್ಟವನ್ನು ಅವನ ಬದುಕಿನಿಂದ ಅಳೆಯುವ ಬದಲು ಒಂದು ಪಟ್ಟಿಯಿಂದ ಅಳೆಯತೊಡಗಿದರು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇಕಡಾ 14. ಮನುಷ್ಯದೇಹವನ್ನು ಈ ಬಗೆಯಲ್ಲಿ ಅಂಗಾಂಗವಾಗಿ ವರ್ಣಿಸಿದ ಗದ್ಯ ಬೇರೊಂದಿರಲಾರದು. ಪಟ್ಟಿ ಮಾಡಿದವರನ್ನು ಹಳಿಯಬೇಕಾಗಿಲ್ಲ. ಪಟ್ಟಿಯಿಲ್ಲದೆ ಹೋದರೆ ಬಡವ ಪ್ರತಿ ಬೆರಳಿಗೂ ಹತ್ತು ವರ್ಷ ಕೋರ್ಟು ಅಲೆಯಬೇಕಾಗುತ್ತಿತ್ತು. ಆದರೆ ಪಟ್ಟಿಗೆ ತಬಲ ನುಡಿಸುವವನ ಬೆರಳಿಗೂ ಕಾವಲುಗಾರನ ಬೆರಳಿಗೂ ಇರುವ ಅಂತರ ತಿಳಿಯುವುದಿಲ್ಲ.

ಆ ಅಂತರವನ್ನು ತಿಳಿದು ಬರೆದ ಒಂದು ತೀರ್ಪನ್ನು ಇಲ್ಲಿ ಮೆಚ್ಚಿ ನೆನೆಯಬೇಕು. ಒಡಿಶಾದಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಗಾಯಗೊಂಡ. ಎಡಗೈಯನ್ನು ಮೊಣಕೈಯ ಮೇಲಿನವರೆಗೆ ಕತ್ತರಿಸಬೇಕಾಯಿತು. ಪಟ್ಟಿಯ ಲೆಕ್ಕದಲ್ಲಿ ಅದು ಭಾಗಶಃ ನಷ್ಟ ಎಂದು ಮಾಲೀಕನ ಕಡೆಯ ವಾದ. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಒಂದು ಕೈಯಿಂದ ಬಡಗಿಕೆಲಸ ಆಗುವುದಿಲ್ಲ, ಆದ್ದರಿಂದ ಈ ಮನುಷ್ಯನ ಪಾಲಿಗೆ ಇದು ಪೂರ್ಣ ನಷ್ಟ ಎಂದು ಪರಿಹಾರ ಆಯುಕ್ತರು ಕೊಟ್ಟ ತೀರ್ಮಾನವನ್ನು ಎತ್ತಿಹಿಡಿಯಿತು. ಉಳಿ ಹಿಡಿಯಲು ಒಂದು ಕೈ, ಕೊಡತಿ ಹಿಡಿಯಲು ಇನ್ನೊಂದು ಕೈ ಬೇಕೆಂಬುದನ್ನು ತಿಳಿಯಲು ಕಾನೂನಿನ ಪಾಂಡಿತ್ಯ ಬೇಡ. ಆದರೆ ಅದನ್ನು ತೀರ್ಪಿನೊಳಕ್ಕೆ ತರಲು ಒಂದು ಬಗೆಯ ಕಣ್ಣು ಬೇಕು. ಒಳ್ಳೆಯ ಕಾದಂಬರಿಕಾರನಲ್ಲಿ ನಾವು ಮೆಚ್ಚುವುದೂ ಆ ಕಣ್ಣನ್ನೇ.

ಇನ್ನು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ, 3ರ ನಸುಕಿನಲ್ಲಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೆಯ ತೊಟ್ಟಿಯೊಳಕ್ಕೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಕಾದು ಉಕ್ಕಿ ಊರಿನ ಮೇಲೆ ಹರಡಿತು. ಆ ವಸ್ತುವನ್ನು ತಣ್ಣಗಿಡಬೇಕಾದ ಶೀತಲೀಕರಣ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿದ್ದರು. ಅನಿಲವನ್ನು ತೊಳೆಯುವ ಉಪಕರಣ ಕೆಲಸಕ್ಕೆ ಬರಲಿಲ್ಲ. 1982ರಲ್ಲೇ ಅಮೆರಿಕದಿಂದ ಬಂದ ಕಂಪನಿಯ ತಜ್ಞರು ಸುರಕ್ಷತೆಯ ಲೋಪಗಳನ್ನು ಬರೆದಿಟ್ಟು ಹೋಗಿದ್ದರು. ರಾಜಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ ಅದೇ ವರ್ಷದಿಂದ ಹಿಂದಿ ಪತ್ರಿಕೆಯಲ್ಲಿ, ಈ ಊರು ಜ್ವಾಲಾಮುಖಿಯ ಅಂಚಿನಲ್ಲಿದೆ ಎಂದು ಬರೆಯುತ್ತ ಬಂದಿದ್ದರು. ‘ಯಾಕಾಯಿತು’ ಎಂಬ ಪ್ರಶ್ನೆಗೆ ಇಷ್ಟೊಂದು ಉತ್ತರಗಳು ಮೊದಲೇ ಸಿದ್ಧವಾಗಿದ್ದ ಘಟನೆಯನ್ನು ಆಕಸ್ಮಿಕ ಎನ್ನುವುದು ಭಾಷೆಗೆ ಮಾಡುವ ಅಪಚಾರ.

ಮೊಕದ್ದಮೆ ಮೊದಲು ಹೋದದ್ದು ನ್ಯೂಯಾರ್ಕಿಗೆ. ಅಲ್ಲಿ ನಡೆದ ವಾದವನ್ನು ಈಗ ಓದಿದರೆ ಪ್ರಹಸನವೊಂದರ ದೃಶ್ಯದಂತೆ ಕಾಣುತ್ತದೆ. ಭಾರತ ಸರ್ಕಾರ ತನ್ನದೇ ನ್ಯಾಯಾಲಯಗಳು ಇಂಥ ದೊಡ್ಡ ಮೊಕದ್ದಮೆಗೆ ಸಮರ್ಥವಲ್ಲವೆಂದು ವಾದಿಸಿತು. ಅಮೆರಿಕದ ಕಂಪನಿ ಭಾರತದ ನ್ಯಾಯಾಂಗವನ್ನು ಹಾಡಿ ಹೊಗಳಿತು. ಅದರ ಪರವಾಗಿ ನಾನಿ ಪಾಲ್ಖೀವಾಲರ ಪ್ರಮಾಣಪತ್ರವೂ ಇತ್ತು. 1986ರ ಮೇ ತಿಂಗಳಲ್ಲಿ ನ್ಯಾಯಾಧೀಶ ಕೀನನ್ ಮೊಕದ್ದಮೆಯನ್ನು ಭಾರತಕ್ಕೆ ವಾಪಸು ಕಳಿಸಿದರು. ಅದನ್ನು ತಾವೇ ಇಟ್ಟುಕೊಂಡರೆ ಸಾಮ್ರಾಜ್ಯಶಾಹಿಯ ಮತ್ತೊಂದು ಉದಾಹರಣೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ವಸಾಹತುಶಾಹಿಯ ವಿರುದ್ಧ ನಾವು ಕಲಿತ ಮಾತು ಹೀಗೆ ಕಂಪನಿಯ ನೆರವಿಗೆ ಒದಗಿಬಂತು. ಒಂದು ಮಾತು ಎಷ್ಟು ಒಳ್ಳೆಯದೆಂಬುದಕ್ಕಿಂತ ಅದು ಯಾರ ಕೈಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ನೋಡಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಈ ನಡುವೆ, ಭೋಪಾಲಕ್ಕೆ ಒಂದು ವರ್ಷ ತುಂಬಿದ ಎರಡೇ ದಿನಕ್ಕೆ, 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ 1986ರ ಡಿಸೆಂಬರಿನಲ್ಲಿ ಬರೆದ ತೀರ್ಪು ನಮ್ಮ ಕಾನೂನಿನ ದೊಡ್ಡ ಗದ್ಯಗಳಲ್ಲೊಂದು. ರೈಲ್ಯಾಂಡ್ಸ್ ತತ್ವದ ಕಿಂಡಿಗಳನ್ನೆಲ್ಲ ಅದು ಮುಚ್ಚಿತು. ಸ್ವಭಾವತಃ ಅಪಾಯಕಾರಿಯಾದ ಉದ್ಯಮ ನಡೆಸುವವನ ಹೊಣೆ ಪರಿಪೂರ್ಣ. ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವಂತಿಲ್ಲ. ಹೊರಗಿನವನು ಮಾಡಿದ, ದೈವ ಮಾಡಿತು ಎಂಬ ನೆಪ ನಡೆಯುವುದಿಲ್ಲ. ಇದಕ್ಕೆ ತೀರ್ಪು ಕೊಡುವ ಕಾರಣವೇ ನನ್ನ ದೃಷ್ಟಿಯಲ್ಲಿ ಅದರ ಜೀವಾಳ. ಅಪಾಯವನ್ನು ಕಂಡುಹಿಡಿಯುವ, ತಡೆಯುವ, ಎಚ್ಚರಿಸುವ ಸಾಮರ್ಥ್ಯ ಇರುವುದು ಉದ್ಯಮದ ಬಳಿ ಮಾತ್ರ. ತೊಟ್ಟಿಯಲ್ಲಿ ಏನಿದೆ, ಎಷ್ಟಿದೆ, ಯಾವ ಯಂತ್ರ ನಿಂತಿದೆ ಎಂಬುದು ಗೋಡೆಯಾಚೆ ಗುಡಿಸಲಲ್ಲಿ ಮಲಗಿದವಳಿಗೆ ತಿಳಿಯುವುದು ಹೇಗೆ? ತಿಳಿಯಲಾಗದವಳ ಮೇಲೆ ಸಾಬೀತಿನ ಭಾರ ಹೊರಿಸುವುದು ಅನ್ಯಾಯ. ತಿಳಿವು ಎಲ್ಲಿದೆಯೋ ಹೊಣೆ ಅಲ್ಲಿರಬೇಕು.

ಆದರೆ ಇದೇ ತೀರ್ಪಿನ ಇನ್ನೊಂದು ಮಾತಿನ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಉದ್ಯಮ ದೊಡ್ಡದಾದಷ್ಟೂ, ಸಿರಿವಂತವಾದಷ್ಟೂ ಪರಿಹಾರ ಹೆಚ್ಚಿರಬೇಕೆಂದು ಅದು ಹೇಳುತ್ತದೆ. ಕಂಪನಿಗೆ ಬಿಸಿ ಮುಟ್ಟಬೇಕೆಂಬ ಆಶಯ ಸರಿಯೇ. ಆದರೆ ಇದನ್ನು ತಿರುಗಿಸಿ ಓದಿದರೆ ಬಡ ಒಡೆಯನ ಕೈಯಲ್ಲಿ ಸತ್ತವನ ಜೀವದ ಬೆಲೆ ಕಡಿಮೆ ಎಂದಾಗುತ್ತದೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಹಬ್ಬದ ಕಾಲದ ಕೂಲಿಗೆಂದು ತಮಿಳುನಾಡಿನಿಂದ ಬಂದ ಹುಡುಗರು ಹೆಚ್ಚು. ನಮ್ಮಲ್ಲಿ ಕೂಲಿಕಾರರು ಸಾಯುವ ಜಾಗಗಳು ಬಹುಮಟ್ಟಿಗೆ ಇಂಥವೇ: ಪಟಾಕಿ ಮಳಿಗೆ, ಕಲ್ಲುಗಣಿ, ಸಣ್ಣ ಬಾಯ್ಲರು, ಕೊಳಚೆಗುಂಡಿ. ಅಪಾಯಕ್ಕೆ ಹೊಂದುವ ವಿಮೆಯನ್ನು ಮೊದಲೇ ಕಡ್ಡಾಯ ಮಾಡದೆ ಬರೀ ಹೊಣೆಯನ್ನು ಪರಿಪೂರ್ಣ ಎಂದು ಸಾರಿದರೆ, ಅದು ಖಾಲಿ ಹುಂಡಿಯ ಮೇಲೆ ಬರೆದ ಚೆಕ್ಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಈ ದಿಕ್ಕಿನಲ್ಲಿ ಬಂತು ನಿಜ. ಆದರೆ ತಪ್ಪಿನ ವಿಚಾರಣೆಯಿಲ್ಲದೆ ಸಿಗುವ ಪರಿಹಾರವೆಂದು ಒಂದು ಸಾವಿಗೆ ಅದು ನಿಗದಿಪಡಿಸಿದ್ದು 25,000 ರೂಪಾಯಿ.

ಮಾತು ಭೋಪಾಲಕ್ಕೆ ಮರಳಬೇಕು. ಭೋಪಾಲದ ಜಿಲ್ಲಾ ನ್ಯಾಯಾಲಯ 1987ರ ಡಿಸೆಂಬರಿನಲ್ಲಿ 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆದೇಶಿಸಿತು; 1988ರಲ್ಲಿ ಹೈಕೋರ್ಟು, ಮೆಹ್ತಾ ತತ್ವವನ್ನೇ ನೆಚ್ಚಿಕೊಂಡು, ಅದನ್ನು 250 ಕೋಟಿಗೆ ಇಳಿಸಿತು. ಕಂಪನಿ ಆ ಹೊತ್ತಿಗೆ ಅತೃಪ್ತ ಕೆಲಸಗಾರನೊಬ್ಬ ಬೇಕೆಂದೇ ತೊಟ್ಟಿಗೆ ನೀರು ಬಿಟ್ಟನೆಂಬ ಕಥೆಯನ್ನು ಮುಂದಿಟ್ಟಿತ್ತು. ಕಥೆಯ ಸತ್ಯಾಸತ್ಯ ಒತ್ತಟ್ಟಿಗಿರಲಿ, ಅದರ ಆಕಾರವನ್ನು ಗಮನಿಸಬೇಕು. 1837ರಿಂದ ನಾವು ನೋಡುತ್ತಿರುವುದು ಇದೇ ಆಕಾರ. ತಪ್ಪು ಎಂಬುದು ನೀರಿನ ಹಾಗೆ ಮೇಲಿನ ಮಹಡಿಯಿಂದ ಇಳಿದಿಳಿದು ಅತ್ಯಂತ ಕೆಳಗಿರುವ ಕೂಲಿಯವನ ಕಾಲಬುಡದಲ್ಲಿ ನಿಲ್ಲುತ್ತದೆ. ಮೆಹ್ತಾ ತೀರ್ಪು ನಿಂತರೆ ಆ ಕಥೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಸುಪ್ರೀಂ ಕೋರ್ಟು ತನ್ನದೇ ತತ್ವವನ್ನು ಪರೀಕ್ಷೆಗೆ ಒಡ್ಡುವ ಗಳಿಗೆ ಬಂದಿತ್ತು.

1989ರ ಫೆಬ್ರವರಿ 14ರಂದು ಆ ಗಳಿಗೆ ಬಂತು, ಹೋಯಿತು. ಐವರು ನ್ಯಾಯಮೂರ್ತಿಗಳ ಪೀಠ 47 ಕೋಟಿ ಡಾಲರಿನ ರಾಜಿಯನ್ನು ಆದೇಶವಾಗಿ ಹೊರಡಿಸಿತು. ಸರ್ಕಾರ ಮೊದಲು ಕೇಳಿದ್ದು 330 ಕೋಟಿ ಡಾಲರು. ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಜೊತೆಗೆ ಎಲ್ಲ ಕ್ರಿಮಿನಲ್ ಮೊಕದ್ದಮೆಗಳೂ ರದ್ದು. ಕಾರಣಗಳು ಬಂದದ್ದು ಮೇ 4ರಂದು. ಪೀಠದಲ್ಲಿ ಕನ್ನಡ ನಾಡಿನವರೇ ಇಬ್ಬರಿದ್ದರು: ಇ. ಎಸ್. ವೆಂಕಟರಾಮಯ್ಯ ಮತ್ತು ಎಂ. ಎನ್. ವೆಂಕಟಾಚಲಯ್ಯ. ಇಬ್ಬರೂ ಸಜ್ಜನಿಕೆಗೂ ವಿದ್ವತ್ತಿಗೂ ಹೆಸರಾದವರು, ಇಬ್ಬರೂ ಮುಂದೆ ಮುಖ್ಯ ನ್ಯಾಯಮೂರ್ತಿಗಳಾದವರು. ಹಾಗಾಗಿ ಇದನ್ನು ಕೆಟ್ಟವರು ಮಾಡಿದ ಕೆಟ್ಟ ಕೆಲಸವೆಂದು ತಳ್ಳಿಹಾಕಲು ಬರುವುದಿಲ್ಲ. ಒಳ್ಳೆಯವರು ಇದನ್ನು ಹೇಗೆ ಸರಿಯೆಂದು ಕಂಡರು ಎಂಬುದೇ ವಿಮರ್ಶೆ ಕೇಳಬೇಕಾದ ಪ್ರಶ್ನೆ.

ಅವರ ಉತ್ತರ ತೆಳುವಾದದ್ದಲ್ಲ. ನೊಂದವರಿಗೆ ಪರಿಹಾರ ಇಂದೇ ಬೇಕು. ಮೊಕದ್ದಮೆ ಇನ್ನೂ ಹತ್ತಾರು ವರ್ಷ ಎಳೆಯಬಹುದು. ಹಸಿದವನಿಗೆ ತತ್ವಕ್ಕಿಂತ ಅನ್ನ ಮುಖ್ಯ. ಇದನ್ನು ಕೇಳಿ ಮೂಗುಮುರಿಯುವ ಹಕ್ಕು ಹೊಟ್ಟೆ ತುಂಬಿದ ನಮಗಿಲ್ಲ. ಆದರೆ ಮೇ ತಿಂಗಳ ಲೆಕ್ಕ ನೋಡಿ. ಸಾವು ಸುಮಾರು 3,000 ಎಂದು ಹಿಡಿದು ಅದಕ್ಕೆ 70 ಕೋಟಿ. ಶಾಶ್ವತವಾಗಿ ಅಂಗವಿಕಲರಾದವರು 30,000 ಎಂದು ಹಿಡಿದು 250 ಕೋಟಿ. ಮುಂದೆ ಪರಿಹಾರದ ನ್ಯಾಯಾಲಯಗಳು ಒಪ್ಪಿಕೊಂಡ ಸಾವುಗಳು 5,295. ಸಂಘಟನೆಗಳ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಪರಿಹಾರಕ್ಕೆ ಅರ್ಹರೆಂದು ತೀರ್ಮಾನವಾದವರು ಒಟ್ಟು 5.7 ಲಕ್ಷದಷ್ಟು. ಬಹುಪಾಲು ಮಂದಿಗೆ ಮೊದಲು ದಕ್ಕಿದ್ದು 25,000 ರೂಪಾಯಿ. ತುರ್ತೆಂಬ ಕಾರಣದ ಗತಿ ಏನಾಯಿತೆಂದರೆ, ಅಂತಿಮ ಪರಿಹಾರ ಕೊಡಲು ತೊಡಗಿದ್ದೇ 1992ರಲ್ಲಿ. ಹಣ ಹಂಚದೆ ಬಿದ್ದಿದ್ದು, ಡಾಲರಿನ ಬೆಲೆ ಏರುತ್ತ ಹೋಗಿ, 2004ರಲ್ಲಿ ಉಳಿದಿದ್ದ 1,503 ಕೋಟಿಯನ್ನು ಹಂಚಿರೆಂದು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. 1989ರಲ್ಲಿ ರೂಪಾಯಿ ಲೆಕ್ಕದಲ್ಲಿ ಬಂದದ್ದೇ 715 ಕೋಟಿ. ಯಾವ ಹಸಿವಿನ ಹೆಸರಿನಲ್ಲಿ ತತ್ವವನ್ನು ಬಿಟ್ಟುಕೊಟ್ಟರೋ ಆ ಹಸಿವು ಹದಿನೈದು ವರ್ಷ ಹಾಗೆಯೇ ಕಾಯಿತು.

ಇದಕ್ಕಿಂತಲೂ ಗಂಭೀರವಾದದ್ದು ಇನ್ನೊಂದಿದೆ. ರಾಜಿಗೆ ಸಹಿ ಹಾಕಿದ್ದು ಸರ್ಕಾರ. ನೊಂದವರನ್ನು ಯಾರೂ ಕೇಳಲಿಲ್ಲ. 1985ರ ಕಾಯಿದೆಯೊಂದರ ಪ್ರಕಾರ ಸರ್ಕಾರವೇ ಅವರೆಲ್ಲರ ತಂದೆಯ ಸ್ಥಾನದಲ್ಲಿ ನಿಂತಿತ್ತು. ಆ ಕಾರ್ಖಾನೆಗೆ ಪರವಾನಗಿ ಕೊಟ್ಟದ್ದೂ ಸರ್ಕಾರ; ಅದರ ಷೇರುಗಳಲ್ಲಿ ಒಂದು ಪಾಲು ಸರ್ಕಾರಿ ಹಣಕಾಸು ಸಂಸ್ಥೆಗಳ ಬಳಿ ಇತ್ತು. ತಪ್ಪಿನಲ್ಲಿ ಪಾಲಿರಬಹುದಾದವನೇ ಮಕ್ಕಳ ಪರವಾಗಿ ರಾಜಿ ಮಾಡಿಕೊಂಡ ತಂದೆ. ಈ ಕಾಯಿದೆ ಸಿಂಧುವೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು 1989ರ ಡಿಸೆಂಬರಿನಲ್ಲಿ, ಅಂದರೆ ರಾಜಿಯಾಗಿ ಹತ್ತು ತಿಂಗಳ ಮೇಲೆ. ಚರಣ್ ಲಾಲ್ ಸಾಹು ಮೊಕದ್ದಮೆಯೆಂದು ಹೆಸರಾದ ಆ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿ, ನೊಂದವರಿಗೆ ನೋಟೀಸು ಕೊಡದಿದ್ದುದು ಸರಿಯಲ್ಲವೆಂದು ಒಪ್ಪುತ್ತಾರೆ. ನ್ಯಾಯ ದೊರೆತಿದೆ, ಆದರೆ ದೊರೆತಂತೆ ಕಾಣಿಸಿಲ್ಲ ಎನ್ನುತ್ತಾರೆ. ಆದರೂ ಕಾಯಿದೆಯನ್ನು ಎತ್ತಿಹಿಡಿದು, ರಾಜಿಗೆ ಕೈ ಹಾಕದೆ, ಒಂದು ದೊಡ್ಡ ಒಳಿತಿಗಾಗಿ ಕೆಲವೊಮ್ಮೆ ಒಂದು ಸಣ್ಣ ತಪ್ಪು ಮಾಡಬಹುದು ಎಂಬರ್ಥದ ಮಾತಾಡುತ್ತಾರೆ.

ಈ ಮಾತನ್ನು ಎಲ್ಲೋ ಕೇಳಿದಂತಿದೆಯಲ್ಲ ಎಂದು ಸಾಹಿತ್ಯದ ಓದುಗನಿಗೆ ಅನ್ನಿಸದೆ ಇರದು. ಶೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಇದೇ ಮಾತು ಬರುತ್ತದೆ. ಹೇಳುವವನು ಬಸ್ಸಾನಿಯೊ. ಗೆಳೆಯನ ಪ್ರಾಣ ಉಳಿಸಲು ಕಾನೂನನ್ನು ಸ್ವಲ್ಪ ಬಗ್ಗಿಸಿಬಿಡಿ ಎಂದು ಅವನು ಬೇಡಿಕೊಳ್ಳುತ್ತಾನೆ. ಅದಕ್ಕೆ ನ್ಯಾಯವಾದಿಯ ವೇಷದಲ್ಲಿರುವ ಪೋರ್ಷಿಯಾ ಕೊಡುವ ಉತ್ತರವನ್ನು ನೆನಪಿಸಿಕೊಳ್ಳಿ. ಕೂಡದು, ಅದು ಮೇಲ್ಪಂಕ್ತಿಯಾಗಿ ದಾಖಲಾಗುತ್ತದೆ, ಅದನ್ನು ಹಿಡಿದು ಎಷ್ಟೋ ತಪ್ಪುಗಳು ರಾಜ್ಯದೊಳಕ್ಕೆ ನುಗ್ಗುತ್ತವೆ ಎನ್ನುತ್ತಾಳೆ ಅವಳು. ಗೆಳೆಯ ಉಳಿಯುವುದು ಕಾನೂನನ್ನು ಬಗ್ಗಿಸಿದ್ದರಿಂದಲ್ಲ, ಅದನ್ನು ಕೊನೆಯ ಅಕ್ಷರದವರೆಗೆ ಓದಿದ್ದರಿಂದ. ಅಂದರೆ ನಮ್ಮ ಅತ್ಯುನ್ನತ ನ್ಯಾಯಾಲಯ ತನ್ನ ಅತಿ ಕಷ್ಟದ ಗಳಿಗೆಯಲ್ಲಿ ಆಡಿದ್ದು ನ್ಯಾಯಪೀಠದ ಮಾತನ್ನಲ್ಲ, ಕಟಕಟೆಯ ಪಕ್ಕ ನಿಂತು ಬೇಡುವವನ ಮಾತನ್ನು. ನಾಟಕವೇ ತಿರಸ್ಕರಿಸಿದ ವಾದ ನಮ್ಮ ತೀರ್ಪಾಯಿತು. ಪೋರ್ಷಿಯಾ ಅಂಜಿದಂತೆಯೇ ಅದು ಮೇಲ್ಪಂಕ್ತಿಯೂ ಆಯಿತು.

1991ರ ಅಕ್ಟೋಬರಿನ ಪುನರ್ವಿಮರ್ಶೆಯ ತೀರ್ಪನ್ನು ಬರೆದವರು ವೆಂಕಟಾಚಲಯ್ಯನವರು. ಕ್ರಿಮಿನಲ್ ಮೊಕದ್ದಮೆಗಳಿಗೆ ಅವರು ಮತ್ತೆ ಜೀವ ಕೊಟ್ಟದ್ದು ದೊಡ್ಡ ಕೆಲಸ. ರಾಜಿಯನ್ನು ಉಳಿಸಿಕೊಂಡು, ಹಣ ಸಾಲದೆ ಬಂದರೆ ಕೊರತೆಯನ್ನು ಭಾರತ ಸರ್ಕಾರ ತುಂಬಿಕೊಡಬೇಕೆಂದರು. ಕರುಣೆಯಿಂದ ಬರೆದ ಮಾತು ಇದು. ಆದರೆ ನಷ್ಟ ಮಾಡಿದ ಕಂಪನಿಯ ಬಾಕಿಯನ್ನು ತೀರಿಸಬೇಕಾದವರು ತೆರಿಗೆ ಕಟ್ಟುವ ಜನ, ಅಂದರೆ ಒಂದು ಪಾಲು ಭೋಪಾಲದ ನೊಂದವರೇ. ಈ ಅಂಶಕ್ಕೆ ನ್ಯಾಯಮೂರ್ತಿ ಅಹ್ಮದಿ ಭಿನ್ನಮತ ಬರೆದರು. ಹೊಣೆಯೆಂದು ಯಾರೂ ತೀರ್ಮಾನಿಸದಿರುವಾಗ ಸರ್ಕಾರದ ಮೇಲೆ ಭಾರ ಹೊರಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ತರ್ಕವಾಗಿ ಅದು ಬಲವಾದ ಪ್ರಶ್ನೆ. ಹೊಣೆಯ ಪ್ರಶ್ನೆಗೆ ಉತ್ತರಿಸದೆ ಬಿಟ್ಟ ತೀರ್ಪು ಮುಂದೆ ಯಾರ ಮೇಲೂ ನ್ಯಾಯವಾಗಿ ಹೊಣೆ ಹೊರಿಸಲಾರದು. ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ, ಮೆಹ್ತಾ ತತ್ವ ಕೇವಲ ಪ್ರಾಸಂಗಿಕ ಮಾತೆಂದರು. ಅದು ಪ್ರಾಸಂಗಿಕವಲ್ಲ, ಕಾನೂನೇ ಎಂದು ನ್ಯಾಯಮೂರ್ತಿ ಜೀವನ ರೆಡ್ಡಿ ಹೇಳಲು 1996ರವರೆಗೆ, ರಾಜಸ್ಥಾನದ ಬಿಛ್ಡಿ ಗ್ರಾಮದ ಕೆಂಪಾದ ಬಾವಿಗಳ ಮೊಕದ್ದಮೆಯ ತೀರ್ಪಿನವರೆಗೆ ಕಾಯಬೇಕಾಯಿತು.

ಕ್ರಿಮಿನಲ್ ಮೊಕದ್ದಮೆಯ ಕಥೆಯೂ ಕರುಣಾಜನಕ. 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನು ಕೊಲೆಯಲ್ಲದ ನರಹತ್ಯೆಯಿಂದ ಅಜಾಗರೂಕತೆಯ 304ಎ ವಿಧಿಗೆ ಇಳಿಸಿತು. ಆ ರಾತ್ರಿ ಸಾವು ಸಂಭವಿಸುತ್ತದೆಂಬ ಅರಿವು ಆರೋಪಿಗಳಿಗಿತ್ತೆಂದು ತೋರಿಸುವ ಸಾಮಗ್ರಿಯಿಲ್ಲ ಎಂಬುದು ಕಾರಣ. 2010ರ ಜೂನ್ 7ರಂದು, ಇಪ್ಪತ್ತೈದು ವರ್ಷಗಳ ಮೇಲೆ, ಬದುಕುಳಿದಿದ್ದ ಏಳು ಅಧಿಕಾರಿಗಳಿಗೆ ಎರಡು ವರ್ಷ ಸಜೆಯಾಯಿತು. ಅಂದೇ ಜಾಮೀನೂ ಆಯಿತು. ಬಸ್ಸಿನಡಿ ಒಬ್ಬನನ್ನು ಸಿಲುಕಿಸಿದ ಡ್ರೈವರಿಗೆ ಅನ್ವಯಿಸುತ್ತಿದ್ದ ವಿಧಿಯೇ ಅದು. ಒಬ್ಬ ವ್ಯಕ್ತಿಯನ್ನು ಜೈಲಿಗೆ ಕಳಿಸುವ ಮುನ್ನ ಅವನ ಮನಸ್ಸಿನಲ್ಲೇನಿತ್ತೆಂದು ಕೇಳುವುದು ನ್ಯಾಯವೇ. ಆರೋಪಿಯ ಹಕ್ಕನ್ನು ಜನರ ಸಿಟ್ಟಿಗೆ ಬಲಿಕೊಡಬಾರದು. ಆದರೆ ವರ್ಷಗಟ್ಟಲೆ ಸಭೆ ಸೇರಿ, ವೆಚ್ಚ ಲೆಕ್ಕ ಹಾಕಿ, ಯಂತ್ರಗಳನ್ನು ನಿಲ್ಲಿಸುವ ಕಂಪನಿಯ ಮನಸ್ಸು ಒಂದು ರಾತ್ರಿಯಲ್ಲಿ ಹುಡುಕಿದರೆ ಸಿಗುವುದಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಎರಡು ವರ್ಷವನ್ನು ಐದಕ್ಕೆ ಏರಿಸಿದೆ. ಡ್ರೈವರು ಮತ್ತು ನಿರ್ದೇಶಕರು ಇಂದಿಗೂ ಒಂದೇ ವಿಧಿಯಲ್ಲಿ ಅಕ್ಕಪಕ್ಕ ಕುಳಿತಿದ್ದಾರೆ.

2001ರಲ್ಲಿ ಡೌ ಕೆಮಿಕಲ್ ಯೂನಿಯನ್ ಕಾರ್ಬೈಡನ್ನು ಕೊಂಡಿತು. ಆಸ್ತಿ ಬಂದಿದೆ, ಭೋಪಾಲದ ಹೊಣೆ ಬಂದಿಲ್ಲ ಎಂಬುದು ಡೌ ಹೇಳುತ್ತ ಬಂದಿರುವ ಮಾತು. ಮೂರ್ಖರ ರಾಜ್ಯದ ಸಾಹುಕಾರನ ಮಗನಿಗೆ ಈ ವಾದ ಹೊಳೆಯಲಿಲ್ಲ. ಹೊಳೆದಿದ್ದರೂ ಆ ರಾಜ ಕೇಳುತ್ತಿರಲಿಲ್ಲ. ಮಗನಿಗೆ ಶೂಲ ವಿಧಿಸಿದ್ದು ಮೂರ್ಖತನ, ನಿಜ. ಆದರೆ ಆಸ್ತಿ ಕೊಂಡವನು ಸಾಲವನ್ನೂ ಕೊಳ್ಳುತ್ತಾನೆ ಎಂಬ ಮೊದಲರ್ಧ ಅಷ್ಟೇನೂ ಮೂರ್ಖತನದ್ದಲ್ಲ.

2010ರಲ್ಲಿ ಕೇಂದ್ರ ಸರ್ಕಾರ ಇನ್ನೂ 7,800 ಕೋಟಿಗೂ ಹೆಚ್ಚಿನ ಹಣ ಬೇಕೆಂದು ತಿದ್ದುಪಡಿಯ ಅರ್ಜಿ ಹಾಕಿತು. 2023ರ ಮಾರ್ಚ್ 14ರಂದು ಐವರ ಪೀಠ ಅದನ್ನು ವಜಾ ಮಾಡಿತು. ಮೋಸವಾಗಿದ್ದರಷ್ಟೇ ರಾಜಿ ಮುರಿಯಬಹುದು, ಎರಡು ದಶಕ ಸುಮ್ಮನಿದ್ದು ಈಗ ಕೇಳಿದರೆ ಹೇಗೆ ಎಂದಿತು; 1991ರಲ್ಲಿ ಹೇಳಿದ್ದ ವಿಮೆಯನ್ನು ಸರ್ಕಾರ ಮಾಡಿಸದಿದ್ದುದು ಘೋರ ನಿರ್ಲಕ್ಷ್ಯವೆಂದೂ ಹೇಳಿತು. ಈ ತೀರ್ಪನ್ನು ನಾನು ತಪ್ಪೆನ್ನಲಾರೆ. ಮುಗಿದ ವ್ಯಾಜ್ಯ ಮುಗಿದಿರಬೇಕೆಂಬುದೂ ನ್ಯಾಯದ ಒಂದು ಮುಖವೇ. ಆದರೆ ಮಾತಾಡಿದವರೆಲ್ಲ ಸರಿಯಾಗಿಯೇ ಮಾತಾಡಿದ ಮೇಲೂ ಕೊನೆಗೆ ಉಳಿದದ್ದು ಅನ್ಯಾಯ ಎಂದಾದರೆ, ಎಲ್ಲೋ ಮೊದಲ ಹೆಜ್ಜೆ ತಪ್ಪಿರಬೇಕು. ಆ ಹೆಜ್ಜೆ ನನಗೆ ಕಾಣುವುದು 1989ರ ಫೆಬ್ರವರಿಯಲ್ಲಿ. ಅಂದು ಹಣ ಎಷ್ಟೆಂಬುದರ ಜೊತೆಗೆ ಹೊಣೆ ಯಾರದೆಂದು ಒಂದೇ ಒಂದು ವಾಕ್ಯ ಬರೆದಿದ್ದರೆ ಮುಂದಿನವರಿಗೆ ಹಿಡಿದುಕೊಳ್ಳಲು ಒಂದು ಎಳೆ ಇರುತ್ತಿತ್ತು.

ಅದರ ಬೆಲೆಯನ್ನು ಈಗಲೂ ತೆರುತ್ತಿದ್ದೇವೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಸೋರಿದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರುದಿನವೇ 50 ಕೋಟಿ ಠೇವಣಿ ಇಡಲು ಆದೇಶಿಸಿತು. ಈ ತ್ವರೆ ಭೋಪಾಲ ಕಲಿಸಿದ ಪಾಠ. ಆದರೆ ಆ ಆದೇಶದಲ್ಲಿ ಬಳಸಿದ್ದು 1868ರ ಕಿಂಡಿಗಳುಳ್ಳ ‘ಕಟ್ಟುನಿಟ್ಟಿನ ಹೊಣೆ’ ಎಂಬ ಶಬ್ದ. 1986ರ ‘ಪರಿಪೂರ್ಣ ಹೊಣೆ’ ಅಲ್ಲ. ಒಂದು ಶಬ್ದಕ್ಕೆ ಇಷ್ಟು ಗಲಾಟೆಯೇ ಎನ್ನುವವರು, ಆ ಶಬ್ದಗಳ ನಡುವಿನ ಸಂದಿಯಲ್ಲಿ ‘ಹೊರಗಿನವನು ಮಾಡಿದ’ ಎಂಬ ಕಥೆ ನುಸುಳುವುದನ್ನು ನೆನೆಯಬೇಕು.

ಈ ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿವೆ. ಬೈಕಂಪಾಡಿಯ, ಪೀಣ್ಯದ, ಬೀದರಿನ ಕೊಳಾರದ ಕಾರ್ಖಾನೆಗಳ ಗೋಡೆಗೆ ಆತುಕೊಂಡು ಬದುಕುವವರಿಗೆ ಅವು ತಲುಪುವುದಿಲ್ಲ. ತೀರ್ಪುಗಳನ್ನು ಕನ್ನಡಕ್ಕೆ ತರುವ ಕೆಲಸ ಈಗ ಒಂದಷ್ಟು ನಡೆದಿದೆ; ಆಗಲಿ, ಅದು ಬೇಕು. ಆದರೆ ತಂದರಷ್ಟೇ ಸಾಲದು, ನಾವು ಓದಬೇಕು. ಓದುವಾಗ ಪ್ರತಿ ತೀರ್ಪಿಗೂ ಎರಡು ಪ್ರಶ್ನೆ ಹಾಕಬೇಕು: ತಿಳಿದವರು ಯಾರಿದ್ದರು? ಕೇಳಿಸಿಕೊಳ್ಳದೆ ಬಿಟ್ಟದ್ದು ಯಾರನ್ನು? ಬಡಗಿಯ ಕೈಯ ತೀರ್ಪು ಈ ಪ್ರಶ್ನೆಗಳ ಮುಂದೆ ನಿಲ್ಲುತ್ತದೆ. ಭೋಪಾಲದ ರಾಜಿ, ಅದರ ಹಿಂದಿದ್ದ ಕರುಣೆಯನ್ನೆಲ್ಲ ಒಪ್ಪಿಕೊಂಡ ಮೇಲೂ, ನಿಲ್ಲುವುದಿಲ್ಲ.